ಬಿಸಿಯಾದಾಗ ತೆರೆಯುವ ಬಿರುಕು

ನಿನ್ನೆಯ ಪ್ರವಚನವನ್ನು ನಾವು ಹಂಬಲದ ಮಾತಿನಲ್ಲಿ ನಿಲ್ಲಿಸಿದ್ದೆವು. ಎಲ್ಲ ಇದ್ದೂ ಏನೋ ಇಲ್ಲ ಅನ್ನಿಸುತ್ತದಲ್ಲ, ಅದು ಎಲ್ಲಿಂದ ಬರುತ್ತದೆ ಎಂದು ಹಿಂದಿನ ಸಾಲಿನ ಒಬ್ಬ ತಾಯಿ ಕೇಳಿದ್ದರು. ಉತ್ತರ ಹೇಳುವಷ್ಟರಲ್ಲಿ ಮಂಗಳಾರತಿಯ ಗಂಟೆ ಬಾರಿಸಿತು. ಇವತ್ತೂ ನೇರವಾಗಿ ಉತ್ತರ ಹೇಳುವುದಿಲ್ಲ, ಒಂದು ದೃಷ್ಟಾಂತ ಹೇಳೋಣ. ಮಷೀನಿನ ದೃಷ್ಟಾಂತ. ಹೆಣ್ಣುಮಕ್ಕಳು ಮಷೀನು ಎಂದ ಕೂಡಲೇ ಗಾಬರಿಯಾಗಬೇಡಿ. ಕಂಬಕ್ಕೆ ಒರಗಿರುವ ಗಂಡಸರು, ಇದೆಲ್ಲ ನಮಗೆ ಗೊತ್ತಿರುವುದೇ ಎಂದು ಕಣ್ಣು ಮುಚ್ಚಬೇಡಿ.

ಒಬ್ಬ ಸಾಹುಕಾರ. ಊರು ಯಾವುದೆಂದು ಕೇಳಬೇಡಿ. ಕಾಡಿನ ಅಂಚಿಗೆ, ಮರ ಕೊಯ್ಯುವ ಸದ್ದು ಬೆಳಗಿನಿಂದ ಸಂಜೆಯವರೆಗೆ ಕೇಳುವ ಒಂದು ಊರು ಎಂದುಕೊಳ್ಳಿ. ದೃಷ್ಟಾಂತದ ಸಾಹುಕಾರನಿಗೆ ಹೆಸರಿಲ್ಲದಿದ್ದರೂ ನಡೆಯುತ್ತದೆ. ಆದರೆ ಹೆಸರಿಲ್ಲದವರ ಮೇಲೆ ನಮಗೆ ಕರುಣೆ ಹುಟ್ಟುವುದು ಕಡಿಮೆ. ಆದ್ದರಿಂದ ಅವನನ್ನು ದ್ಯಾಮಣ್ಣ ಎನ್ನೋಣ, ಅವನ ಹೆಂಡತಿಯನ್ನು ಶಾವಂತ್ರವ್ವ ಎನ್ನೋಣ.

ದ್ಯಾಮಣ್ಣ ಹುಟ್ಟಾ ಸಾಹುಕಾರನಲ್ಲ. ಹರೆಯದಲ್ಲಿ ಅವನ ಹತ್ತಿರ ಇದ್ದದ್ದು ಒಂದೇ ಒಂದು ಮಷೀನು. ಕೈಯಲ್ಲಿ ಹಿಡಿದು ಮರ ಕೊಯ್ಯುವ, ಪೆಟ್ರೋಲಿನ ಮೇಲೆ ಓಡುವ ಗರಗಸ. ನೀವೂ ನೋಡಿರುತ್ತೀರಿ, ಗಾಳಿಗೆ ಮರ ಬಿದ್ದು ರಸ್ತೆ ಕಟ್ಟಿದಾಗ ತಂದು ಗುರ್ ಎನ್ನಿಸುತ್ತಾರಲ್ಲ, ಅದೇ. ಅದನ್ನು ಹೆಗಲಿಗೆ ಹಾಕಿಕೊಂಡು ಓರಗೆಯ ಏಳೆಂಟು ಜನರ ಜೊತೆ ಗುತ್ತಿಗೆದಾರನ ನೀಲಗಿರಿ ತೋಪಿಗೆ ಹೋಗುತ್ತಿದ್ದ, ಸಂಜೆ ಬರುತ್ತಿದ್ದ.

ಆ ಜನರಲ್ಲಿ ಒಂದು ಪದ್ಧತಿ ಇತ್ತು. ನೋಡಿ, ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ, ಕಥೆ ನಿಂತಿರುವುದೇ ಇದರ ಮೇಲೆ. ಮರ ಕಡಿಯುವುದು ಅಪಾಯದ ಕೆಲಸ. ಯಾವ ಮರ ಯಾವ ಕಡೆಗೆ ಬೀಳುತ್ತದೆಂದು ಎಷ್ಟು ಬಲ್ಲವನಿಗೂ ಒಂದೊಂದು ಸಲ ತಪ್ಪುತ್ತದೆ. ಬೆಳಿಗ್ಗೆ ಹೋದವನು ಸಂಜೆ ಬರುವವರೆಗೆ ಮನೆಯ ಹೆಂಗಸಿನ ಕಿವಿ ಕಾಡಿನ ಕಡೆಗೇ ಇರುತ್ತದೆ. ಅದಕ್ಕೇ ಅವರು ಊರ ತಿರುವಿನ ಮೈಲಿಗಲ್ಲಿನ ಹತ್ತಿರ ಬಂದ ಮೇಲೆ, ಒಬ್ಬೊಬ್ಬರಾಗಿ ಮಷೀನು ಚಾಲೂ ಮಾಡಿ, ಒತ್ತದೆ, ಕೊಯ್ಯದೆ, ಒಂದು ಗಳಿಗೆ ಸುಮ್ಮನೆ ಓಡಲು ಬಿಡುತ್ತಿದ್ದರು. ಗುಟು ಗುಟು ಗುಟು ಗುಟು. ಅಷ್ಟೇ. ಅದಕ್ಕೆ ಅವರು 'ಬಂದೆ ಕೊಡುವುದು' ಎನ್ನುತ್ತಿದ್ದರು. ಕೈಕಾಲು ನೆಟ್ಟಗಿದೆ, ಬಂದೆ, ನೀರಿಡು. ಇಷ್ಟೂ ಮಾತು ಆ ಗುಟುಗುಟಿನಲ್ಲಿ ಇರುತ್ತಿತ್ತು.

ಎಲ್ಲ ಮಷೀನಿನ ಸದ್ದೂ ನಮಗೆ ಒಂದೇ. ಶಾವಂತ್ರವ್ವನಿಗೆ ಒಂದೇ ಅಲ್ಲ. ಅವಳಿಗೆ ಅವಳದ್ದು ಗೊತ್ತಿತ್ತು. ಆ ಸದ್ದು ಕಿವಿಗೆ ಬಿದ್ದ ಕೂಡಲೇ ಬಚ್ಚಲ ಒಲೆಗೆ ಮರದ ಚಕ್ಕೆ ತುಂಬಿ ಕಡ್ಡಿ ಗೀರುತ್ತಿದ್ದಳು. ಅವನು ಅಂಗಳಕ್ಕೆ ಬರುವಷ್ಟರಲ್ಲಿ ಹಂಡೆಯ ನೀರಿನ ಮೇಲೆ ಹೊಗೆಯಾಡುತ್ತಿತ್ತು. ಬೆನ್ನಿಗೆ ಅಂಟಿದ ಮರದ ಪುಡಿ ತೊಳೆದು, "ಸಾಕೇನು?" ಎಂದು ಕೇಳುತ್ತಿದ್ದಳು. "ಇನ್ನೊಂದು ತಂಬಿಗಿ" ಎನ್ನುತ್ತಿದ್ದ. ದಿನಾ ಅದೇ ಮಾತು. ಬೇಸರ ಬರಲಿಲ್ಲವೇ? ಬರುವುದಿಲ್ಲಮ್ಮ, ಅಂಥ ಮಾತಿಗೆ ಬೇಸರ ಬರುವುದಿಲ್ಲ.

ಆಮೇಲೆ ಅದೃಷ್ಟ ದ್ಯಾಮಣ್ಣನ ಕೈ ಹಿಡಿಯಿತು. ಕೊಯ್ಯುವವನು ಕೊಯ್ಯಿಸುವವನಾದ. ಮರ ಕೊಯ್ಯುವ ಒಂದು ಗಿರಣಿ ಇಟ್ಟ, ಇನ್ನೊಂದು ಇಟ್ಟ, ಲಾರಿ ಬಂದವು. ಮಕ್ಕಳು ದೊಡ್ಡವರಾಗಿ ಅದೇ ಊರಲ್ಲಿ ಒಬ್ಬೊಬ್ಬರು ಒಂದೊಂದು ಗಿರಣಿಗೆ ನಿಂತರು. ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಮಹಡಿಯ ಮನೆ ಕಟ್ಟಿಸಿದ. ಹಳೆಯ ಬಚ್ಚಲ ಕೋಣೆಯನ್ನು ಕೆಡವಲು ಹೋದಾಗ ಶಾವಂತ್ರವ್ವ ಅಡ್ಡ ಬಂದಳು.

"ಮ್ಯಾಲ ಗುಂಡಿ ಒತ್ತಿದ್ರ ಬಿಸಿನೀರು ಬರ್ತೈತಿ. ಈ ಹೊಗಿ ಹಿಡದ ಬಚ್ಚಲಾ ತೊಗೊಂಡ ಏನ್ ಮಾಡ್ತಿ?" ಎಂದ ದ್ಯಾಮಣ್ಣ.

"ಇರ್ಲಿ ಬಿಡ್ರಿ" ಎಂದಳು ಅವಳು. ಅಷ್ಟೇ ಹೇಳಿದ್ದು. ಅವನೂ ಅಷ್ಟೇ ಕೇಳಿದ್ದು.

ಈಗ ಅವನು ಕಾರಿನಲ್ಲಿ ಬರುತ್ತಿದ್ದ. ಕಾರು ಹಿಂದಿನ ಗೇಟಿನಿಂದ, ಕಚೇರಿ ಕೋಣೆಯ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಅಲ್ಲೇ ಲೆಕ್ಕದವರು, ಅಲ್ಲೇ ಡ್ರೈವರುಗಳು, ಅಲ್ಲೇ ಫೋನು. ಯಾವಾಗಲೋ ಮೆಟ್ಟಿಲು ಹತ್ತುತ್ತಿದ್ದ, ಯಾವಾಗಲೋ ಉಣ್ಣುತ್ತಿದ್ದ. ಕಾರಿನಲ್ಲಿ ಬಂದವನು ಬಂದೆ ಕೊಡುತ್ತಾನೆಯೇ? ಅಂಥ ಪದ್ಧತಿ ಇಲ್ಲ. ಹಳೆಯ ಗರಗಸ ಕಚೇರಿ ಕೋಣೆಯ ಅಟ್ಟ ಸೇರಿತು.

ಕೆಟ್ಟವನೇ? ಅಲ್ಲ. ಹೆಂಡತಿಗೆ ಕೊಡುವುದರಲ್ಲಿ ಅವನ ಕೈ ದೊಡ್ಡದು. ಕೈಗೆ ಪಾಟಲಿ ಮಾಡಿಸಿದ. ಅಡಿಗೆಗೆ ಬಸಲಿಂಗವ್ವ ಎಂಬಾಕೆಯನ್ನು ಇಟ್ಟ. ಶಾವಂತ್ರವ್ವ ಸ್ವಲ್ಪ ಮಂಕಾಗಿ ಕಂಡರೆ ಮತ್ತೇನಾದರೂ ತಂದ. ಅವಳ ಮೌನವನ್ನು ಅವನು ಸುಖ ಎಂದುಕೊಂಡ. ನಾವೂ ಎಷ್ಟೋ ಸಲ ಹಾಗೇ ಅಂದುಕೊಳ್ಳುತ್ತೇವೆ, ಅಲ್ಲವೇ?

ಹೀಗಿರುವಾಗ ಒಂದು ಶ್ರಾವಣ. ಪಂಚಮಿ ಹಬ್ಬ ಹತ್ತಿರ ಬಂದಿತ್ತು. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಅವನು ಊಟಕ್ಕೆ ಕೂತಾಗ ಶಾವಂತ್ರವ್ವ ರೊಟ್ಟಿ ಮುರಿಯುತ್ತ ಹೇಳಿದಳು:

"ಪಂಚಮಿಗೆ ಅಕ್ಕನ ಊರಿಗೆ ಹೊಕ್ಕೀನಿ."

"ಹೋಗಿ ಬಾ. ಕಾರ್ ತೊಗೊಂಡ ಹೋಗು."

"ಕಾರ್ ಬ್ಯಾಡ. ಬಸ್ಸಿಗೆ ಹೊಕ್ಕೀನಿ. ಈ ಸಲ ಅಲ್ಲೇ ಇರ್ತೀನಿ."

"ಅಲ್ಲೇ ಅಂದ್ರ?"

"ಅಲ್ಲೇ ಅಂದ್ರ ಅಲ್ಲೇ. ಅಕ್ಕ ಮೂರು ಹೊತ್ತೂ ನಾ ಎಲ್ಲಿ ಅದೀನಿ ಅಂತ ಹುಡುಕ್ತಾಳ."

"ಇಲ್ಲಿ ನಿನಗ ಏನ್ ಕಡಿಮಿ ಆಗೇತಿ?"

"ಕಡಿಮಿ ಏನೂ ಆಗಿಲ್ಲ" ಎಂದು ಅವನ ತಟ್ಟೆಗೆ ಬೆಣ್ಣೆ ಹಾಕಿದಳು. ದನಿಯಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ದ್ಯಾಮಣ್ಣನಿಗೆ ದಾರಿ ಗೊತ್ತಿತ್ತು. ಒಂದು ಸೀರೆ ತರುತ್ತಿದ್ದ.

ಅವಳು ಎದ್ದು ಹೋದ ಮೇಲೆ ಅವನು ಅಡಿಗೆಮನೆಯ ಬಾಗಿಲಿಗೆ ಬಂದು ಬಸಲಿಂಗವ್ವನನ್ನು ಕೇಳಿದ, "ಅಕಿ ನಿನ್ನ ಮುಂದ ಏನಾರ ಅಂದಾಳೇನು?"

ಬಸಲಿಂಗವ್ವ ಬಾಯಿಬಡುಕಿ. ಆದರೂ ಆವತ್ತು ಮೊದಲು ಹಿಟ್ಟಿನ ಕೈ ಒರೆಸಿಕೊಂಡಳು.

"ಅಂದಿಲ್ರಿ ಸಾವಕಾರ್ರ. ಒಂದ ಮಾತು ಹೇಳ್ತೀನಿ, ಬೈಬ್ಯಾಡ್ರಿ. ನಾ ಈ ಮನಿಗೆ ಬಂದ ಹೊಸದರಾಗ ಅವ್ವಾರು ದಿನಾ ಸಂಜೀಕ ಹಳೇ ಬಚ್ಚಲದಾಗ ನೀರ ಕಾಸ್ತಿದ್ರು. ಯಾರಿಗ್ರಿ ಅಂತ ಕೇಳಿದೆ. 'ಬರ್ತಾರ' ಅಂದ್ರು. ನೀವು ಹಿಂದಿನ ಬಾಗಲಾದಿಂದ ಬಂದು ಮ್ಯಾಲ ಹೋಗಿಬಿಡ್ತಿದ್ರಿ. ನೀರು ಅಲ್ಲೇ ಆರೂದು. ಕಡೀಕ ನಾನ ಅದರಾಗ ಭಾಂಡೆ ತೊಳೀತಿದ್ದೆ."

"ಎಷ್ಟ ದಿನಾ?"

"ದಿನಾ ಏನ್ ಕೇಳ್ತೀರಿ, ಭಾಳ ವರ್ಷ. ಆಮ್ಯಾಲ ಒಂದ ಸಂಜೀಕ ಒಲಿ ಹಚ್ಚಲಿಲ್ಲ. ನಾನೂ ಕೇಳಲಿಲ್ಲ."

ನೋಡಿ, ದ್ಯಾಮಣ್ಣ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟ. ಹೆಂಡತಿ ಹೋಗುತ್ತಾಳೆ ಎಂಬುದಕ್ಕಿಂತ, ತನಗಾಗಿ ಕಾದು ಕಾದು ಆರಿದ ಅಷ್ಟೊಂದು ಹಂಡೆ ನೀರು ಅವನ ಎದೆಯಲ್ಲಿ ಕೂತಿತು. ಅವನು ಮಹಡಿಯ ಮೇಲೆ, ಅವಳು ಮಹಡಿಯ ಕೆಳಗೆ. ಇಷ್ಟು ಹತ್ತಿರದಲ್ಲಿ ಒಬ್ಬರು ಅಷ್ಟು ವರ್ಷ ದಾರಿ ನೋಡಬಹುದೇ? ಇರು ಎಂದು ಅವಳಿಗೆ ಹೇಳಬೇಕು. ಯಾವ ಬಾಯಿಂದ ಹೇಳಬೇಕು? ಮಾತು ಅವನ ಕಸುಬಲ್ಲ. ಅವನಿಗೆ ಬರುತ್ತಿದ್ದ ಮಾತು ಒಂದೇ, ಆ ಗುಟುಗುಟು. ಅವಳು ಬಸ್ಸು ಹತ್ತುವ ಮೊದಲು ಒಂದೇ ಒಂದು ಸಂಜೆ ಮೈಲಿಗಲ್ಲಿನ ಹತ್ತಿರ ನಿಂತು ಬಂದೆ ಕೊಡಬೇಕು. ಅವಳ ಕಿವಿಗೆ ಅದು ಬೀಳಬೇಕು. ಇಷ್ಟೇ ಅವನ ಹಂಬಲ.

ಅಟ್ಟದಿಂದ ಗರಗಸ ಇಳಿಸಿದ. ಧೂಳು ಕೊಡವಿದ, ಪ್ಲಗ್ಗು ಉಜ್ಜಿದ, ಹೊಸ ಪೆಟ್ರೋಲು ಹಾಕಿ ಹಗ್ಗ ಎಳೆದ. ಕೆಮ್ಮಿತು, ಮತ್ತೆ ಎಳೆದ, ಹತ್ತಿತು. ಅವನ ಮುಖ ಅರಳಿತು. ಆದರೆ ಮಷೀನು ಗುಟುಗುಟು ಎನ್ನಲಿಲ್ಲ. ಕೈ ಬಿಟ್ಟರೂ ಕೀರೆಂದು ಕೂಗುತ್ತ ಹೋಯಿತು. ಕೊಯ್ಯಲು ಮರವಿಲ್ಲ, ಹೊರಲು ಭಾರವಿಲ್ಲ, ಸುಮ್ಮನೆ ಚೀರಾಟ. ಹಲ್ಲಿನ ಸರಪಳಿ ತನ್ನಷ್ಟಕ್ಕೆ ಗರಗರ ತಿರುಗಿತು. ಮೇಲೆ ಶಾವಂತ್ರವ್ವ ಕಿಟಕಿ ಮುಚ್ಚಿದ ಸದ್ದು ಕೇಳಿಸಿತು.

ದ್ಯಾಮಣ್ಣ ಹಳೆಯ ಕೈ. ಅವನಿಗೆ ಗೊತ್ತಿದ್ದ ಉಪಾಯ ಮಾಡಿದ: ತಿರುಪು ಸಡಿಲಿಸಿ ಪೆಟ್ರೋಲು ಜಾಸ್ತಿ ಕೊಟ್ಟ. ತಗ್ಗಿತು. ಖುಷಿಯಿಂದ ಹೆಗಲಿಗೇರಿಸಿಕೊಂಡು ಮೈಲಿಗಲ್ಲಿಗೆ ಹೊರಟ. ಅರ್ಧ ದಾರಿಗೆ ಬಿಸಿಯಾಗಿ ಮತ್ತೆ ಚೀರಿತು. ಇನ್ನಷ್ಟು ತಿರುಪಿದ. ತಗ್ಗಿತು, ಮತ್ತೆ ಚೀರಿತು, ಆಮೇಲೆ ಸತ್ತುಹೋಯಿತು. ಮರುದಿನ ಇನ್ನಷ್ಟು ಕೊಟ್ಟ. ಅವನ ಸ್ವಭಾವವೇ ಹಾಗೆ ತಾನೇ? ಏನೋ ಸರಿಯಿಲ್ಲ ಅನ್ನಿಸಿದರೆ ಹೆಚ್ಚಿಗೆ ಕೊಡುವುದು. ಯಾಕೆ ಸಾಲುತ್ತಿಲ್ಲ ಎಂದು ನೋಡುವುದಲ್ಲ.

ಬಸ್ ನಿಲ್ದಾಣದ ಪಕ್ಕದ ಗೌಸುಸಾಬನ ಅಂಗಡಿಗೆ ಒಯ್ದ. ಗೌಸುಸಾಬ ಕಿವಿಗೊಟ್ಟು ಕೇಳಿ, "ಸಾವಕಾರ್ರ, ನಿಮ್ಮ ಅಂಗಳದಾಗ ಹೊಸಾ ಮಷೀನು ರಾಶಿ ಬಿದ್ದಾವು. ಈ ಮುದಕನ್ನ ಯಾಕ ಕಾಡ್ತೀರಿ?" ಎಂದು ನಕ್ಕ.

"ನನಗ ಬೇಕಾದ ಸದ್ದು ಈ ಮುದಕನ ಗಂಟಲದಾಗ ಅಷ್ಟ ಐತಿ. ಕಾರ್ಬುರೇಟರ್ ಹೊಸಾದು ಹಾಕು."

"ಹಾಕ್ತೀನಿ, ನೀವು ಹೇಳಿದ್ರ ಬ್ಯಾಡ ಅನ್ನೂದಿಲ್ಲ. ಆದ್ರ ಅದರ ತಪ್ಪಲ್ಲ ಇದು. ಎಲ್ಲೋ ಕಳ್ಳಗಾಳಿ ಎಳೀತೈತಿ."

ಕಳ್ಳಗಾಳಿ ಎಂದರೇನು? ತಾಯಂದಿರಿಗಾಗಿ ಹೇಳುತ್ತೇನೆ. ಇಂಜಿನ್ನು ಉಸಿರಾಡುತ್ತದೆ. ಆ ಉಸಿರು ಜಾಲರಿಯಲ್ಲಿ ಸೋಸಿಕೊಂಡು, ಕಾರ್ಬುರೇಟರ್ ಎಂಬ ಬಾಗಿಲಲ್ಲಿ ಅಳತೆಯ ಪೆಟ್ರೋಲು ಬೆರೆಸಿಕೊಂಡು, ಒಂದು ರಬ್ಬರಿನ ಕೊರಳಿನ ಮೂಲಕ ಒಳಗೆ ಹೋಗಬೇಕು. ಬಾಗಿಲು ದಾಟಿದ ಮೇಲೆ ಎಲ್ಲಾದರೂ ಬಿರುಕು ಬಿಟ್ಟಿದ್ದರೆ, ಬರಿಯ ಗಾಳಿ ಅಲ್ಲಿಂದ ನುಗ್ಗುತ್ತದೆ. ಆಗ ಒಳಗೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಮಷೀನು ಕೂಗುತ್ತದೆ, ಕೊಯ್ಯುವುದಿಲ್ಲ. ಒಳಗೊಳಗೇ ಸುಡುತ್ತದೆ. ಹೊರಗೆ ನಿಂತವರಿಗೆ, ಎಷ್ಟು ಜೋರಾಗಿದೆ ನೋಡು ಅನ್ನಿಸುತ್ತದೆ.

ಗೌಸುಸಾಬ ಮಷೀನಿನ ಬಾಯಿಗಳನ್ನೆಲ್ಲ ಟ್ಯೂಬಿನ ತುಂಡಿನಿಂದ ಮುಚ್ಚಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಪಂಕ್ಚರ್ ನೋಡುವ ತೊಟ್ಟಿಯಲ್ಲಿ ಮುಳುಗಿಸಿದ. ಒಂದು ಗುಳ್ಳೆಯೂ ಏಳಲಿಲ್ಲ. "ಭಾಳ ಸಣ್ಣದು ಇರಬೇಕು. ಗಾಳಿ ನಿಂತೈತೋ ಇಳದೈತೋ ತೋರ್ಸೂ ಮುಳ್ಳು ಬೇಕು. ಡಾಕ್ಟರು ಬಿಪಿ ನೋಡೂ ಬಲ್ಬ್ ಸಿಕ್ಕರ ನಡೀತೈತಿ. ಮನ್ಯಾಗ ಕೂತು ಸಮಾಧಾನದಿಂದ ನೋಡ್ರಿ, ಇದು ಅವಸರದ ಕೆಲಸ ಅಲ್ಲ" ಎಂದ. ಹೊಸ ಕಾರ್ಬುರೇಟರ್ ಹಾಕಿಸಿಕೊಂಡೇ ಬಂದ ದ್ಯಾಮಣ್ಣ. ಅದರ ತಿರುಪನ್ನೂ ತಿರುಪಿ ತಿರುಪಿ ಪೆಟ್ರೋಲು ಹೆಚ್ಚಿಸಿದ, ಚೀರಾಟ ನಿಲ್ಲಲಿಲ್ಲ.

ಮನೆಗೆ ಬಂದು ಬಸಲಿಂಗವ್ವನಿಗೆ ಹೇಳಿದ, "ಔಷಧದ ಅಂಗಡಿಯಿಂದ ಒಂದು ಬಿಪಿ ನೋಡೂ ಬಲ್ಬ್ ತರಸು."

"ತರಸೂದ್ಯಾಕ್ರಿ? ಅವ್ವಾರ ಹಂತೇಕ ಐತಲ್ಲ" ಎಂದಳು ಬಸಲಿಂಗವ್ವ.

ಅವನು ಮೆಟ್ಟಿಲು ಹತ್ತಿದ. ಶಾವಂತ್ರವ್ವ ಟ್ರಂಕಿಗೆ ಸೀರೆ ಮಡಚಿ ಇಡುತ್ತಿದ್ದಳು. ಕಿಟಕಿಯ ಕಟ್ಟೆಯ ಮೇಲೆ, ಕನ್ನಡಕದ ಪಕ್ಕ, ಆ ಕಪ್ಪು ಬಲ್ಬು, ಅದರ ಗುಂಡು ಮುಖ, ಅದರ ಮುಳ್ಳು.

"ನಿನಗ ಬಿಪಿ ಐತೇನು?"

"ಹೂಂ."

"ಯಾವಾಗಿಂದ?"

"ಆತು, ಭಾಳ ದಿನಾ."

"ನನಗ ಹೇಳಿಲ್ಲಲ್ಲ."

ಅವಳು ಮಡಚಿದ ಸೀರೆಯನ್ನು ಮತ್ತೆ ಬಿಚ್ಚಿ ಮಡಚಿದಳು. "ಹೇಳಬೇಕು ಅಂತ ಕುಂತಿರ್ತಿದ್ದೆ. ನೀವು ಬಂದದ್ದ ಗೊತ್ತಾಗ್ತಿದ್ದಿಲ್ಲ."

ಇದಕ್ಕೆ ಏನು ಉತ್ತರ ಕೊಡುತ್ತೀರಿ? ದ್ಯಾಮಣ್ಣ ಬಲ್ಬಿನ ಕಡೆ ಕೈ ತೋರಿಸಿದ. ಬಲ್ಬು ಯಾಕೆ ಬೇಕೆಂದು ತೊದಲುತ್ತ ಹೇಳಿದ. ಮಷೀನು ಸರಿ ಮಾಡಬೇಕು ಎಂದ. ಯಾಕೆ ಸರಿ ಮಾಡಬೇಕು ಎಂಬುದನ್ನು ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಬಲ್ಬನ್ನು ಅವನ ಕೈಗಿಟ್ಟು, ಅವನು ಅದನ್ನು ಹಿಡಿದ ರೀತಿ ನೋಡಿ, "ಹಂಗ ಹಿಚುಕಿದ್ರ ಒಡೀತೈತಿ. ತರ್ರಿ ಇಲ್ಲೆ" ಎಂದು ವಾಪಸ್ಸು ತೆಗೆದುಕೊಂಡು, ಅವನ ಹಿಂದೆ ಕೆಳಗಿಳಿದಳು.

ಅಂಗಳದಲ್ಲಿ ಕೂತರು. ಅವನು ಹೊಗೆ ಉಗುಳುವ ಬಾಯಿಗೆ ರಬ್ಬರು ಬಿಗಿದ. ಗಾಳಿ ಎಳೆಯುವ ಬಾಯಿಗೆ ಬಲ್ಬಿನ ನಳಿಕೆ ಸೇರಿಸಿದ. ಅವಳು ಒತ್ತಿದಳು. ಮುಳ್ಳು ಏರಿತು, ನಿಂತಿತು. ಅವನು ಕೀಲುಕೀಲಿಗೂ ಸೋಪಿನ ನೀರು ಸವರಿ ಬಗ್ಗಿ ನೋಡಿದ. ಗುಳ್ಳೆ ಇಲ್ಲ. ಮುಳ್ಳು ಅಲ್ಲಾಡಲಿಲ್ಲ. ಮತ್ತೆ ಒತ್ತಿದಳು, ಮತ್ತೆ ನೋಡಿದ. ಮುಳ್ಳು ನಿಂತೇ ಇತ್ತು.

"ಎಲ್ಲಾ ಬರೋಬ್ಬರಿ ಐತಿ" ಎಂದು ಅವನು ಬೆವರು ಒರೆಸಿಕೊಂಡ. "ಬಿರುಕ ಇಲ್ಲ. ಇನ್ನ ನನ್ನಿಂದ ಆಗೂದಿಲ್ಲ."

ಶಾವಂತ್ರವ್ವ ಮುಳ್ಳಿನ ಮೇಲಿಟ್ಟ ಕಣ್ಣು ತೆಗೆಯದೆ ಕೇಳಿದಳು, "ನೀವು ಮನಿಗೆ ಬರೂ ಹೊತ್ತಿನ್ಯಾಗ ಇದು ಹಿಂಗ ತಣ್ಣಗ ಇರ್ತಿತ್ತೇನು?"

ಅವನು ಮಷೀನಿನ ಮೇಲೆ ಕೈಯಿಟ್ಟು ನೋಡಿದ.

"ಮದಿವ್ಯಾದ ಹೊಸದರಾಗ ಇದನ್ನ ಎತ್ತಿಡಾಕ ಹೋಗಿ ನನ್ನ ಸೆರಗು ಸುಟ್ಟಿತ್ತು. ಮರತ್ರೇನು? ತಣ್ಣಗಿದ್ದಾಗ ಎಲ್ಲಾರೂ ಬರೋಬ್ಬರಿನ ಇರ್ತಾರ. ಬಿಸಿನೀರಾಗ ಇಟ್ಟು ನೋಡ್ರಿ."

"ಮ್ಯಾಲಿಂದ ಎರಡು ಬಕೀಟು ತರ್ಲೇನು?"

"ಆ ನೀರು ಸಾಲೂದಿಲ್ಲ" ಎಂದು ಅವಳು ಎದ್ದಳು.

ಹಳೆಯ ಬಚ್ಚಲ ಕೋಣೆಯ ಚಿಲಕ ತೆಗೆಯಲು ಇಬ್ಬರೂ ಕೈ ಹಾಕಬೇಕಾಯಿತು. ಒಳಗೆ ತುಂಬಿದ್ದ ರಟ್ಟಿನ ಡಬ್ಬಿಗಳನ್ನೂ ಮುರಿದ ಕುರ್ಚಿಗಳನ್ನೂ ಅವನು ಹೊರಗೆ ಎಳೆದ. ಅವಳು ಹಂಡೆ ತೊಳೆದು ನೀರು ತುಂಬಿ, ಗಿರಣಿಯಿಂದ ತಂದ ಮರದ ಚಕ್ಕೆ ಒಲೆಗೆ ತುಂಬಿ, ಕಡ್ಡಿ ಗೀರಿದಳು. ಒಲೆ ಮೊದಲು ಮುನಿಸಿಕೊಂಡು ಹೊಗೆ ಉಗುಳಿತು, ಆಮೇಲೆ ಹತ್ತಿತು. ಅವನು ನೆಲದ ಮೇಲೆ ಕೂರಲು ಹೋದಾಗ ಅವಳು ಒಂದು ಮಣೆಯನ್ನು ಕಾಲಿನಿಂದ ಅವನ ಕಡೆ ಸರಿಸಿದಳು. ನೋಡಿ, ಇಂಥವು ನಮ್ಮ ಕಣ್ಣಿಗೆ ಬೀಳಬೇಕು.

ನೀರು ಕಾಯುವುದಕ್ಕೆ ಹೊತ್ತು ಬೇಕು. ಆ ಹೊತ್ತನ್ನು ಯಾವ ಗುಂಡಿ ಒತ್ತಿದರೂ ಕಡಿಮೆ ಮಾಡಲಾಗುವುದಿಲ್ಲ. ಇಬ್ಬರೂ ಬೆಂಕಿ ನೋಡುತ್ತ ಕೂತರು. ಇದೇ ಒಲೆಯ ಮುಂದೆ ಅವಳು ಒಬ್ಬಳೇ ಎಷ್ಟು ಸಂಜೆ ಕೂತಿದ್ದಳು ಎಂದು ಅವನು ಯೋಚಿಸುತ್ತಿದ್ದ. ಕೇಳಬೇಕೆನ್ನಿಸಿತು. ಒಂದು ಚಕ್ಕೆ ಎತ್ತಿ ಒಲೆಗೆ ಹಾಕಿದ. ಅಷ್ಟೇ ಆಯಿತು.

ನೀರು ಹೊಗೆಯಾಡಿದ ಮೇಲೆ, ಮೇಲಿನ ಮುಚ್ಚಳ ಬಿಚ್ಚಿದ ಇಂಜಿನ್ನನ್ನು ಹಗ್ಗ ಕಟ್ಟಿ ಹಂಡೆಯೊಳಗೆ ಇಳಿಬಿಟ್ಟ. ಅವಳು ಬಲ್ಬು ಒತ್ತಿದಳು. ಮುಳ್ಳು ಏರಿತು. ನಿಂತಿತು. ಇಬ್ಬರೂ ಮುಳ್ಳನ್ನೇ ನೋಡಿದರು.

"ಇಳ್ಯಾಕತ್ತೇತಿ" ಎಂದಳು ಶಾವಂತ್ರವ್ವ, ಮೆಲ್ಲಗೆ.

ದಿನಾ ಆ ಮುಳ್ಳು ನೋಡಿ ರೂಢಿಯಾದ ಕಣ್ಣು ಅವಳದು. ಅವನು ಹಂಡೆಯ ಮೇಲೆ ಬಗ್ಗಿದ. ರಬ್ಬರಿನ ಕೊರಳಿನ ಅಡಿಯಿಂದ, ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ದಾರ ಪೋಣಿಸಿದ ಹಾಗೆ ಏಳುತ್ತಿದ್ದವು.

ಅವಸರದಲ್ಲಿ ಬರಿಗೈ ಹಾಕಿ ಎತ್ತಿದ, ಕೈ ಸುಟ್ಟುಕೊಂಡ. ಅವಳು ಸೆರಗನ್ನು ತಣ್ಣೀರಿನಲ್ಲಿ ಅದ್ದಿ ಅವನ ಬೆರಳಿಗೆ ಸುತ್ತಿದಳು. ಆ ಒದ್ದೆ ಸೆರಗಿನ ಕೈಯಿಂದಲೇ ಅವನು ರಬ್ಬರು ಮಗುಚಿ ನೋಡಿದ. ಹಿಡಿಕೆ ಎಳೆದಾಗಲೆಲ್ಲ ಬಾಗುವ ಜಾಗದಲ್ಲಿ, ರೆಪ್ಪೆಗೂದಲಿನಷ್ಟು ತೆಳ್ಳಗೆ ಒಂದು ಬಿರುಕು. ನೋಡುತ್ತ ನೋಡುತ್ತ ರಬ್ಬರು ಆರಿತು, ಬಿರುಕು ತುಟಿ ಕೂಡಿಸಿಕೊಂಡಿತು. ಅಲ್ಲಿ ಏನೂ ಇರಲೇ ಇಲ್ಲವೇನೋ ಎಂಬಂತೆ.

"ಇಷ್ಟೇನು?" ಎಂದ ದ್ಯಾಮಣ್ಣ.

"ಇಷ್ಟ" ಎಂದಳು ಅವಳು.

ಗೌಸುಸಾಬ ಹೊಸ ರಬ್ಬರು ಕೊಟ್ಟ. ಹಾಕಿದ ಮೇಲೆ ಏನಾಯಿತು ಗೊತ್ತೇ? ಮಷೀನು ಹತ್ತಲೇ ಇಲ್ಲ. ಕಟ್ಟಿಕೊಂಡು ಕೂತಿತು. ಯಾಕೆ? ಬಿರುಕು ಇದ್ದಾಗ ಸಾಲದೆಂದು ತಿರುಪಿ ತಿರುಪಿ ಕೊಟ್ಟ ಪೆಟ್ರೋಲು ಈಗ ಹೆಚ್ಚಾಗಿತ್ತು. ಕೊಟ್ಟದ್ದನ್ನೆಲ್ಲ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಿರುಪಿದ. ಎಷ್ಟು ಕಡಿಮೆ ಸಾಕಾಗಿತ್ತು ಎಂದು ಅವನಿಗೆ ಆಗ ತಿಳಿಯಿತು.

ಪಂಚಮಿಯ ಹಿಂದಿನ ಸಂಜೆ ಸಾಹುಕಾರ ದ್ಯಾಮಣ್ಣ ಲಾರಿಗಳು ಹೋಗುವ ದಾರಿಯಲ್ಲಿ ಗರಗಸ ಹೊತ್ತು ನಡೆದು, ಮೈಲಿಗಲ್ಲಿನ ಪಕ್ಕ ನಿಂತ. ಅವನದೇ ಲಾರಿಯ ಡ್ರೈವರನೊಬ್ಬ ನಿಲ್ಲಿಸಿ, "ಏನ್ರಿ ಸಾವಕಾರ್ರ, ಹಳೇ ಕಸುಬಿಗೆ ಹೊಂಟ್ರೇನು?" ಎಂದು ಕೇಳಿದ. "ಹೂಂ, ನೀ ನಡಿ" ಎಂದ. ಲಾರಿಯ ಸದ್ದು ಪೂರ್ತಿ ಅಡಗಿದ ಮೇಲೆ ಹಗ್ಗ ಎಳೆದ.

ಗುಟು ಗುಟು ಗುಟು ಗುಟು.

ಮನೆಯ ಕಡೆ ನೋಡುತ್ತ ನಿಂತ. ಅವಳು ಹೊರಗೆ ಬಂದು ನಿಲ್ಲುತ್ತಾಳೆ ಎಂದು ಕಾದ. ಬರಲಿಲ್ಲ. ಕಿಟಕಿ ತೆರೆಯಲಿಲ್ಲ. ಆಮೇಲೆ ನೆನಪಾಯಿತು: ಅವಳು ಯಾವತ್ತೂ ಹೊರಗೆ ಬಂದು ನಿಂತವಳಲ್ಲ. ಈ ಸದ್ದು ಕೇಳಿದರೆ ಅವಳು ಹೋಗುತ್ತಿದ್ದದ್ದು ಬೇರೆ ಕಡೆಗೆ. ಅವನು ಕಣ್ಣನ್ನು ಬಾಗಿಲಿನಿಂದ ತೆಗೆದು ಮಹಡಿಯ ಹಿಂದಕ್ಕೆ ಹೊರಳಿಸಿದ. ಹಳೆಯ ಬಚ್ಚಲ ಕೋಣೆಯ ಹೆಂಚಿನ ಸಂದಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

ಆವತ್ತು ಅವಳು "ಸಾಕೇನು?" ಎಂದಳು. ಅವನು "ಇನ್ನೊಂದು ತಂಬಿಗಿ" ಎಂದ.

ಇಲ್ಲಿಗೆ ಮುಗಿಯಿತು ಎಂದುಕೊಂಡಿರಾ? ಇಲ್ಲ. ಮರುದಿನ ಅವಳು ಅಕ್ಕನ ಊರಿಗೆ ಹೋದಳು. ಟ್ರಂಕು ತೆಗೆದುಕೊಂಡೇ ಹೋದಳು. ಯಾವಾಗ ಬರುತ್ತೀ ಎಂದು ಅವನು ಕೇಳಲಿಲ್ಲ, ಕೇಳುವ ಹಕ್ಕು ತನಗೆ ಇನ್ನೂ ಬಂದಿಲ್ಲ ಅನ್ನಿಸಿತು ಅವನಿಗೆ. ಟ್ರಂಕನ್ನು ತಾನೇ ಹೊತ್ತು ಬಸ್ಸಿನ ಮೇಲೇರಿಸಿ ಬಂದ.

ಆ ಸಂಜೆ ಅವನು ತಾನೇ ಬಚ್ಚಲ ಒಲೆ ಹಚ್ಚಿ ಕೂತ. ಕಡೆಯ ಬಸ್ಸು ಹೋದ ಸದ್ದು ಕೇಳಿತು. ನೀರು ಆರಿತು. ಬಸಲಿಂಗವ್ವ ಆ ನೀರಿನಲ್ಲಿ ಭಾಂಡೆ ತೊಳೆದಳು. ಮರುದಿನವೂ ಹಚ್ಚಿದ. ಹಬ್ಬ ಮುಗಿಯಿತು, ಊರಿನ ಬೇರೆ ಹೆಣ್ಣುಮಕ್ಕಳೆಲ್ಲ ತವರಿನಿಂದ ಬಂದರು. ಅವನು ಹಚ್ಚುತ್ತಲೇ ಇದ್ದ. ಕಾಯುವವರ ಕಿವಿ ಹೇಗಿರುತ್ತದೆ ಎಂದು ಆ ಸಾಹುಕಾರನಿಗೆ ಜೀವನದಲ್ಲಿ ಮೊದಲ ಸಲ ಗೊತ್ತಾಯಿತು. ಯಾವ ಗಾಡಿ ಬಂದರೂ ಮೈಯೆಲ್ಲ ಕಿವಿ. ಗಾಡಿ ಮುಂದೆ ಹೋಯಿತು ಎಂದರೆ ಒಲೆಯೊಳಗಿನ ಬೆಂಕಿಗೂ ಬೇಜಾರು.

ಒಂದು ಸಂಜೆ ಬಸ್ಸು ಮೈಲಿಗಲ್ಲಿನ ತಿರುವಿಗೆ ಬಂತು. ಒಳಗೆ ಕಿಟಕಿಯ ಪಕ್ಕ ಶಾವಂತ್ರವ್ವ. ಅವಳಿಗೆ ದೂರದಿಂದಲೇ ಹೊಗೆ ಕಂಡಿತು. ಎದ್ದು ಮುಂದೆ ಹೋಗಿ ಡ್ರೈವರನಿಗೆ ಹೇಳಿದಳು:

"ಯಪ್ಪಾ, ಇಲ್ಲೊಂದು ಸಲ ಹಾರನ್ ಹೊಡಿ."

"ಯಾಕಬೇ, ದಾರ್ಯಾಗ ಒಂದು ಎಮ್ಮಿನೂ ಇಲ್ಲ."

"ಹೊಡಿಯೋ ಅಂದ್ರ ಹೊಡಿ. ನನ್ನ ಹಂತೇಕ ಮಷೀನು ಇಲ್ಲ."

ಡ್ರೈವರನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಒಳ್ಳೆಯ ಮನುಷ್ಯ. ಒಮ್ಮೆ ಹೇಳಿದರೆ ಎರಡು ಸಲ ಹೊಡೆದ, ಅದೂ ಉದ್ದಕ್ಕೆ. "ಯಾರು ಅದಾರ ಅಲ್ಲೆ, ಇಷ್ಟೊತ್ತಿನ್ಯಾಗ?" ಎಂದು ಕೇಳಿದ.

"ಅದಾರ" ಎಂದಳು ಶಾವಂತ್ರವ್ವ. "ನೀರ ಕಾಸ್ಯಾರ."

ಬಸ್ಸಿನ ಮೇಲಿಂದ ಟ್ರಂಕು ಇಳಿಯಿತು.

ಈಗ ನಿಮ್ಮ ಕಡೆಗೆ ಬರುತ್ತೇನೆ. ನಿನ್ನೆ ಕೇಳಿದ ತಾಯಿ, ಎಲ್ಲ ಇದ್ದೂ ಏನೋ ಇಲ್ಲ ಅನ್ನಿಸುವುದು ಎಲ್ಲಿಂದ ಎಂದಿರಿ. ದೊಡ್ಡ ಜಾಗದಲ್ಲಿ ಹುಡುಕಬೇಡಿ. ಹೊಸ ಕಾರ್ಬುರೇಟ‌ರ್‌ನಲ್ಲಿ ಹುಡುಕಬೇಡಿ. ದಿನಾ ಬಾಗುವ ಜಾಗ ಯಾವುದು ನಿಮ್ಮ ಮನೆಯಲ್ಲಿ? ಅಲ್ಲಿ ನೋಡಿ. ಹಬ್ಬದ ದಿನ, ನೆಂಟರು ಬಂದ ದಿನ, ಎಲ್ಲರೂ ತಣ್ಣಗಿರುವಾಗ ನೋಡಿ, ನಮ್ಮ ಮನೆ ಬರೋಬ್ಬರಿ ಇದೆ ಎನ್ನಬೇಡಿ. ಕೆಲಸ ಮುಗಿಸಿ ದಣಿದು ಬಿಸಿಯಾಗಿರುವ ಸಂಜೆ ನೋಡಿ. ಮಗ ಬಾಗಿಲು ದಡಾರನೆ ಹಾಕಿದನೇ? ಸೊಸೆ ಪಾತ್ರೆ ಜೋರಾಗಿ ಇಟ್ಟಳೇ? ಸದ್ದು ಜೋರಾಯಿತೆಂದು ಬೈಯಬೇಡಿ, ಸುಮ್ಮನಾಗಿಸಲು ಏನಾದರೂ ಕೊಡಲೂಬೇಡಿ. ಪಕ್ಕದಲ್ಲಿ ಕೂತು ಮುಳ್ಳು ಎಲ್ಲಿ ಇಳಿಯುತ್ತಿದೆ ನೋಡಿ. ಒಬ್ಬರೇ ನೋಡಿದರೆ ಕಾಣುವುದಿಲ್ಲ. ಒಬ್ಬರು ಒತ್ತಬೇಕು, ಒಬ್ಬರು ಬಗ್ಗಬೇಕು.

ಮತ್ತೆ ಇದೊಂದನ್ನು ಇವತ್ತಿನಿಂದಲೇ ಮಾಡಿ. ಇಲ್ಲಿಂದ ಎದ್ದು ಮನೆಗೆ ಹೋಗುತ್ತೀರಲ್ಲ, ಕಳ್ಳರ ಹಾಗೆ ಒಳಗೆ ನುಸುಳಬೇಡಿ. ಫೋನನ್ನು ಚೀಲಕ್ಕೆ ಹಾಕಿ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತು, ಒಳಗಿರುವವರಿಗೆ ಕೇಳುವಂತೆ 'ಬಂದೆ' ಅನ್ನಿ. ಉತ್ತರ ಬರುವವರೆಗೆ ಒಂದು ಗಳಿಗೆ ಅಲ್ಲೇ ನಿಲ್ಲಿ. ಒಳಗಿರುವವರು ಕೈಯಲ್ಲಿ ಏನೇ ಕೆಲಸ ಇರಲಿ, 'ಹೂಂ, ಬಾ' ಅನ್ನಿ. ಇವತ್ತು ಉತ್ತರ ಬರದಿದ್ದರೆ ನಾಳೆಯೂ ಅನ್ನಿ. ಬಹಳ ಕಾಲ ಆರಿದ ಒಲೆ ಮೊದಲ ಕಡ್ಡಿಗೇ ಹತ್ತುವುದಿಲ್ಲ, ಮೊದಲು ಹೊಗೆಯೇ ಬರುತ್ತದೆ. ಮನೆಯಲ್ಲಿ ಯಾರೂ ಇಲ್ಲದವರು ಇಲ್ಲಿ ಇದ್ದೀರಿ, ನನಗೆ ಗೊತ್ತು. ನೀವು ಪಕ್ಕದ ಮನೆಯ ಗೋಡೆಯ ಮೇಲಿಂದ ಅನ್ನಿ, 'ಬಂದೆನಮ್ಮಾ' ಎಂದು. ಪಕ್ಕದ ಮನೆಯವರೇ, ನೀವು ಕೇಳಿಸಿಕೊಂಡೆ ಎನ್ನಿ.

ಇವತ್ತು ಪ್ರವಚನ ಶುರುವಾಗುವ ಮೊದಲು ಯಾರೋ ಈ ಪೀಠದ ಪಕ್ಕ ಒಂದು ಲೋಟ ಬಿಸಿನೀರು ಇಟ್ಟು, ಮೇಲೆ ತಟ್ಟೆ ಮುಚ್ಚಿ ಹೋಗಿದ್ದಾರೆ. ಯಾರೆಂದು ಹೇಳಿಲ್ಲ. ಇನ್ನೂ ಬೆಚ್ಚಗಿದೆ. ಇಟ್ಟವರೇ, ಬಂದೆ. ಬಂದಿದ್ದೇನೆ.